ನಕಾಶೆಯಿಲ್ಲದ ನೀರು: ‘ಸಬ್‌ನಾಟಿಕಾ’ ಆಟದ ನೆಲೆಗಳು ಮತ್ತು ಕೆರೆಸೀಮೆಯ ತಿಳಿವಳಿಕೆ

ಜಾನಪದ ಅಧ್ಯಯನವು ಆಟವನ್ನು ಗಂಭೀರವಾದ ಸಾಂಸ್ಕೃತಿಕ ಸಾಮಗ್ರಿಯೆಂದು ಒಪ್ಪಿಕೊಂಡು ಬಹುಕಾಲವಾಯಿತು. ಚೌಕಾಬಾರ, ಅಳಗುಳಿಮಣೆ, ಚಿನ್ನಿದಾಂಡುಗಳ ಮನೆ, ನಡೆ, ನಿಯಮಗಳನ್ನು ಸಂಗ್ರಹಿಸಿ ವರ್ಗೀಕರಿಸುವ ಕೆಲಸವನ್ನು ನಮ್ಮ ವಿಭಾಗಗಳು ಶ್ರದ್ಧೆಯಿಂದ ಮಾಡಿವೆ. ಇದೇ ವಿಭಾಗಗಳಲ್ಲಿ ಇಂದು ಓದುತ್ತಿರುವ ವಿದ್ಯಾರ್ಥಿಗಳು ಆಡುವ ವಿಡಿಯೊ ಆಟಗಳ ಪ್ರಸ್ತಾಪ ಬಂದಾಗ ಮಾತ್ರ ಚರ್ಚೆಯು ‘ಚಟ’ ಎಂಬ ಒಂದು ಪದದಲ್ಲಿ ಮುಗಿದುಹೋಗುತ್ತದೆ. ಆಟದೊಳಗೆ ಏನಿದೆ, ಅಲ್ಲಿ ಸ್ಥಳವನ್ನು ಹೇಗೆ ಕಟ್ಟಲಾಗಿದೆ, ಆಡುವವರು ಆ ಸ್ಥಳವನ್ನು ಯಾವ ಗುರುತುಗಳಿಂದ ಅರಿಯುತ್ತಾರೆ ಎಂಬ ಪ್ರಶ್ನೆಗಳು ಹಾಗೆಯೇ ಉಳಿಯುತ್ತವೆ.

ಪ್ರಸ್ತುತ ಲೇಖನವು ‘ಸಬ್‌ನಾಟಿಕಾ’ ಎಂಬ ಒಂದು ಆಟವನ್ನು ಮಾತ್ರ ತೆಗೆದುಕೊಂಡು, ಕಡಲಿನೊಳಗೆ ದಾರಿ ಹುಡುಕುವ ಮತ್ತು ಬದುಕಲು ಬೇಕಾದುದನ್ನು ಕೂಡಿಸಿಕೊಳ್ಳುವ ಅದರ ಕ್ರಮವನ್ನು ವಿವರಿಸುತ್ತದೆ. ಹೋಲಿಕೆಯ ನೆಲವಾಗಿ ಮುಳಬಾಗಿಲು ತಾಲ್ಲೂಕಿನ ಬೈರಕೂರು ಹೋಬಳಿಯ ಸುತ್ತಿನ ಕೆರೆಸೀಮೆಯನ್ನು ಇರಿಸಿಕೊಳ್ಳಲಾಗಿದೆ. ಕಡಲು ಕಾಣದ, ವರ್ಷವಿಡೀ ಹರಿಯುವ ಹೊಳೆಯೂ ಇಲ್ಲದ ಕೋಲಾರ ಜಿಲ್ಲೆಯನ್ನು ಕಡಲಾಟವೊಂದರ ಪಕ್ಕದಲ್ಲಿರಿಸುವುದು ವಿಚಿತ್ರವೆನಿಸಬಹುದು. ಆದರೆ ನೀರಿನ ಕೆಳಗಿನ ನೆಲವನ್ನು ಹೆಸರಿಟ್ಟು, ನಡೆದು, ಅಳೆದು ಅರಿಯುವ ಪದ್ಧತಿಯೊಂದು ಈ ಸೀಮೆಯಲ್ಲಿದೆ. ಆಟವು ಆಡುವವರಿಂದ ಬೇಡುವ ತಿಳಿವಳಿಕೆಯೂ ಅದೇ ಜಾತಿಯದು. ಕೆರೆಯ ವಿಷಯದಲ್ಲಿ ಆ ತಿಳಿವಳಿಕೆ ಮಸುಕಾದುದರ ಪರಿಣಾಮವು ನಿಘಂಟಿಗೆ ಮಾತ್ರ ಸಂಬಂಧಿಸಿದುದಲ್ಲ ಎಂಬುದನ್ನು ಮುಂದೆ ನೋಡಬಹುದು.

ಆಟದ ಸ್ವರೂಪ

‘ಸಬ್‌ನಾಟಿಕಾ’ವನ್ನು ರೂಪಿಸಿದ್ದು ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋದ ಅನ್‌ನೋನ್ ವರ್ಲ್ಡ್ಸ್ ಎಂಟರ್‌ಟೈನ್‌ಮೆಂಟ್ ಎಂಬ ಸಂಸ್ಥೆ. 2014ರ ಡಿಸೆಂಬರಿನಲ್ಲಿ ಅಪೂರ್ಣ ರೂಪದಲ್ಲಿಯೇ ಆಟಗಾರರ ಕೈಸೇರಿ, ಅವರ ಅಭಿಪ್ರಾಯಗಳನ್ನು ಪಡೆಯುತ್ತ ಬೆಳೆದು, 2018ರ ಜನವರಿಯಲ್ಲಿ ಅದು ಪೂರ್ಣರೂಪದಲ್ಲಿ ಹೊರಬಂದಿತು. 2021ರಲ್ಲಿ ‘ಬಿಲೋ ಜೀರೋ’ ಎಂಬ ಮುಂದಿನ ಆಟವೂ ಬಂದಿತು. ಕಥೆಯು ಸರಳ. ‘ಅರೋರಾ’ ಎಂಬ ಭಾರಿ ಆಕಾಶನೌಕೆಯು 4546ಬಿ ಎಂಬ ಜಲಮಯ ಗ್ರಹದ ಮೇಲೆ ಬಿದ್ದು ಒಡೆಯುತ್ತದೆ. ಸಣ್ಣ ಜೀವರಕ್ಷಕ ಕೋಶವೊಂದರಲ್ಲಿ ಪಾರಾದ ರೈಲಿ ರಾಬಿನ್‌ಸನ್ ಎಂಬಾತ ನೀರಿನ ಮೇಲೆ ತೇಲುತ್ತ ಕಣ್ಣು ತೆರೆಯುತ್ತಾನೆ. ಆಡುವವರು ಅವನ ಕಣ್ಣಿನಿಂದಲೇ ಎಲ್ಲವನ್ನೂ ಕಾಣುತ್ತಾರೆ. ಡೇನಿಯಲ್ ಡೆಫೋ 1719ರಲ್ಲಿ ಬರೆದ ‘ರಾಬಿನ್‌ಸನ್ ಕ್ರೂಸೋ’ ಕಾದಂಬರಿಯ ನೆರಳು ನಾಯಕನ ಹೆಸರಿನಲ್ಲಿಯೇ ಇದೆ.

ಈ ಆಟದಲ್ಲಿ ಕೊಲ್ಲುವ ಬಂದೂಕುಗಳಿಲ್ಲ. 2012ರ ಡಿಸೆಂಬರಿನಲ್ಲಿ ಅಮೆರಿಕದ ಸ್ಯಾಂಡಿ ಹುಕ್ ಶಾಲೆಯಲ್ಲಿ ಮಕ್ಕಳ ಮೇಲೆ ನಡೆದ ಗುಂಡಿನ ದಾಳಿಯ ನಂತರದ ದಿನಗಳಲ್ಲಿ ಆಟದ ಕೆಲಸ ಆರಂಭವಾಯಿತೆಂದೂ, ಜಗತ್ತಿಗೆ ಇನ್ನಷ್ಟು ಬಂದೂಕುಗಳನ್ನು ಸೇರಿಸಲು ತಮಗೆ ಮನಸ್ಸಾಗಲಿಲ್ಲವೆಂದೂ ನಿರ್ದೇಶಕರಾದ ಚಾರ್ಲಿ ಕ್ಲೀವ್‌ಲ್ಯಾಂಡ್ ಅವರು ಹೇಳಿಕೊಂಡಿದ್ದಾರೆ. ಇದರ ಫಲಿತವು ನಮ್ಮ ವಿಷಯಕ್ಕೆ ಮುಖ್ಯವಾದುದು. ಎದುರಾದ ಪ್ರಾಣಿಯನ್ನು ಕೊಂದು ಮುಂದೆ ಹೋಗುವ ದಾರಿ ಸುಲಭವಾಗಿಲ್ಲವಾದ್ದರಿಂದ, ಆಡುವವರು ಜಾಗವನ್ನು ಅರಿಯಲೇಬೇಕು. ಯಾವ ನೆಲೆಯಲ್ಲಿ ಯಾವುದು ವಾಸಿಸುತ್ತದೆ, ಎಲ್ಲಿ ಬಳಸಿ ಹೋಗಬೇಕು, ಎಲ್ಲಿಂದ ಹಿಂದಿರುಗಬೇಕು ಎಂಬ ಜ್ಞಾನವೇ ಇಲ್ಲಿ ಆಯುಧ.

ಆಟವನ್ನು ಕಥೆಯಾಗಿ ಓದಬೇಕೆ, ನಿಯಮಗಳ ವ್ಯವಸ್ಥೆಯಾಗಿ ಓದಬೇಕೆ ಎಂಬ ವಾಗ್ವಾದ ಪಶ್ಚಿಮದಲ್ಲಿ ಎಸ್ಪೆನ್ ಆರ್ಸೆತ್ ಅವರ ‘ಸೈಬರ್‌ಟೆಕ್ಸ್ಟ್’ (1997) ಕೃತಿಯ ನಂತರ ಬಿರುಸಾಗಿ ನಡೆಯಿತು. ಆಟದ ವಿನ್ಯಾಸಕಾರರು ಕಥೆ ಹೇಳುವುದಕ್ಕಿಂತ ಹೆಚ್ಚಾಗಿ ಕಥೆ ಅಡಗಿರುವ ಜಾಗಗಳನ್ನು ಕಟ್ಟುತ್ತಾರೆ ಎಂಬ ಹೆನ್ರಿ ಜೆಂಕಿನ್ಸ್ ಅವರ ನಿಲುವು (2004) ಪ್ರಸ್ತುತ ಆಟಕ್ಕೆ ಚೆನ್ನಾಗಿ ಹೊಂದುತ್ತದೆ. ಆ ವಾಗ್ವಾದವನ್ನು ಇಲ್ಲಿ ಬೆಳೆಸುವ ಅಗತ್ಯವಿಲ್ಲ.

ನಕಾಶೆಯ ಅಭಾವ

ಹೊಸಬರನ್ನು ಮೊದಲು ಕಂಗೆಡಿಸುವುದು ಆಟದಲ್ಲಿ ನಕಾಶೆಯಿಲ್ಲದಿರುವುದು. ಬೇರೆ ಬಹುಪಾಲು ಆಟಗಳಲ್ಲಿ ತೆರೆಯ ಒಂದು ಮೂಲೆಯಲ್ಲಿ ಚಿಕ್ಕ ನಕಾಶೆಯಿರುತ್ತದೆ. ತಾನು ಎಲ್ಲಿದ್ದೇನೆ, ಗುರಿ ಎಲ್ಲಿದೆ ಎಂಬುದನ್ನು ಅದು ಸದಾ ತೋರುತ್ತಿರುತ್ತದೆ. ‘ಸಬ್‌ನಾಟಿಕಾ’ದಲ್ಲಿ ಅಂಥದೇನೂ ಇಲ್ಲ. ದಿಕ್ಸೂಚಿ ಬೇಕಾದರೂ ತಾಮ್ರ ಮೊದಲಾದ ಸಾಮಗ್ರಿಗಳನ್ನು ಹುಡುಕಿ ತಂದು ತಾನೇ ತಯಾರಿಸಿಕೊಳ್ಳಬೇಕು. ಅದಕ್ಕೆ ಮುಂಚೆ ಮೂಡಣ ಪಡುವಣಗಳೇ ತಿಳಿಯುವುದಿಲ್ಲ. ಮೇಲೆ ಬಂದಾಗ ಕಾಣುವ ಒಡೆದ ನೌಕೆಯ ಬೃಹತ್ ಕಾಯ, ತನ್ನ ಕೋಶ, ಕೆಳಗಿಳಿದಾಗ ನೆಲದ ಬಣ್ಣ, ಗಿಡಗಳ ಜಾತಿ, ಬಂಡೆಗಳ ಆಕಾರ, ದೂರದಿಂದ ಕೇಳಿಬರುವ ಪ್ರಾಣಿಗಳ ಕೂಗು ಇಷ್ಟೇ ಆಧಾರ. ಹಡಗನ್ನು ಬೆನ್ನಿಗಿಟ್ಟುಕೊಂಡು ಹೋದರೆ ಕೆಂಪು ಹುಲ್ಲಿನ ಬಯಲು ಸಿಗುತ್ತದೆ, ಅಲ್ಲಿ ಎಡಕ್ಕೆ ಇಳಿದರೆ ಗುಹೆಯ ಬಾಯಿ ಎಂಬಂಥ ಮಾತಿನಲ್ಲಿಯೇ ಆಡುವವರು ಪರಸ್ಪರ ದಾರಿ ಹೇಳಿಕೊಳ್ಳುತ್ತಾರೆ.

ಫ್ರೆಂಚ್ ಚಿಂತಕರಾದ ಮಿಶೆಲ್ ದ ಸರ್ತೊ ಅವರು 1980ರಲ್ಲಿ ಪ್ರಕಟಿಸಿದ, ದೈನಂದಿನ ಬದುಕಿನ ರೂಢಿಗಳನ್ನು ಕುರಿತ ಕೃತಿಯಲ್ಲಿ ಸ್ಥಳವನ್ನು ಹೇಳುವ ಎರಡು ಬಗೆಗಳನ್ನು ಗುರುತಿಸುತ್ತಾರೆ. ಒಂದು ನಕಾಶೆಯ ಬಗೆ: ಇದರ ಪಕ್ಕದಲ್ಲಿ ಅದು ಇದೆ ಎಂದು ಮೇಲಿನಿಂದ ನೋಡಿ ಹೇಳುವುದು. ಇನ್ನೊಂದು ನಡಿಗೆಯ ಬಗೆ: ಇಲ್ಲಿಂದ ಹೊರಟು ಅಲ್ಲಿ ತಿರುಗಿದರೆ ಅದು ಸಿಗುತ್ತದೆ ಎಂದು ಹೆಜ್ಜೆಯೊಡನೆ ಹೇಳುವುದು. ‘ಸಬ್‌ನಾಟಿಕಾ’ವು ನಕಾಶೆಯನ್ನು ಕಿತ್ತುಕೊಂಡು ನಡಿಗೆಯನ್ನು ಕಡ್ಡಾಯ ಮಾಡಿದ ಆಟ.

ಶಾಸನಗಳನ್ನು ಓದಿದವರಿಗೆ ಈ ನಡಿಗೆಯ ಬಗೆ ಹೊಸದಲ್ಲ. ದಾನಶಾಸನಗಳ ಕೊನೆಗೆ ಬರುವ ಎಲ್ಲೆಯ ವಿವರಣೆಯನ್ನು ಗಮನಿಸಬೇಕು. ಒಂದು ಕಲ್ಲಿನಿಂದ ಆರಂಭಿಸಿ, ಅಲ್ಲಿಂದ ಇಂಥ ಮರ, ಅಲ್ಲಿಂದ ಹಳ್ಳ, ಅಲ್ಲಿಂದ ಕೆರೆಯ ಕೋಡಿ ಎಂದು ದಿಕ್ಕು ತಿರುಗಿಸುತ್ತ ಮೊದಲಿನ ಕಲ್ಲಿಗೆ ಹಿಂದಿರುಗುವ ಆ ಬರಹವು ನೆಲವನ್ನು ನಡೆದು ನಿರೂಪಿಸುತ್ತದೆ. 1905ರಲ್ಲಿ ಪ್ರಕಟವಾದ ಎಪಿಗ್ರಾಫಿಯ ಕರ್ನಾಟಿಕದ ಹತ್ತನೆಯ ಸಂಪುಟವು ಕೋಲಾರ ಜಿಲ್ಲೆಗೆ ಮೀಸಲಾದುದು. ಕೆರೆ, ತೂಬು, ಗದ್ದೆಗಳ ಉಲ್ಲೇಖ ಅದರಲ್ಲಿ ಹೇರಳವಾಗಿದೆ. ಬೈರಕೂರಿಗೆ ಸಮೀಪದ ನಂಗಲಿಯೇ ಹೊಯ್ಸಳ ವಿಷ್ಣುವರ್ಧನನ ರಾಜ್ಯದ ಮೂಡಣ ಎಲ್ಲೆಯೆಂದು ಶಾಸನಗಳಲ್ಲಿ ಹೆಸರಾಗಿರುವುದನ್ನೂ ಇಲ್ಲಿ ನೆನೆಯಬಹುದು. ಎಲ್ಲೆಯ ಭಾಗವನ್ನು ‘ಶಾಸನಶೈಲಿಯ ಸಿದ್ಧಸೂತ್ರ’ವೆಂದು ಪಾಠದಲ್ಲಿ ನಾವು ಬಿಟ್ಟುಬಿಡುವುದೇ ಹೆಚ್ಚು. ನಕಾಶೆಯಿಲ್ಲದೆ ದಾರಿ ಹುಡುಕಿದ ಅನುಭವವಿರುವ ವಿದ್ಯಾರ್ಥಿಗೆ ಅದರ ಉಪಯೋಗ ಬೇಗ ಹೊಳೆದೀತು ಎಂದು ನನ್ನ ನಂಬಿಕೆ.

ದಾರಿ ತೋರುವ ಇನ್ನೊಂದು ಸಾಧನವೂ ಆಟದಲ್ಲಿದೆ: ಮೊದಲು ಬಂದವರ ದಾಖಲೆಗಳು. ಹತ್ತು ವರ್ಷ ಹಿಂದೆ ಇದೇ ಗ್ರಹದ ಮೇಲೆ ಬಿದ್ದ ‘ದೆಗಾಸಿ’ ಎಂಬ ನೌಕೆಯ ಮೂವರು ತೇಲುವ ದ್ವೀಪದಲ್ಲಿ ಒಮ್ಮೆ, ಆಮೇಲೆ ಸುಮಾರು 250 ಮೀಟರ್ ಆಳದ ಗುಹೆಯಲ್ಲಿ, ಕೊನೆಗೆ ಸುಮಾರು 500 ಮೀಟರ್ ಆಳದಲ್ಲಿ ಮನೆ ಕಟ್ಟಿಕೊಂಡಿರುತ್ತಾರೆ. ಅವರ ಧ್ವನಿಮುದ್ರಣಗಳನ್ನು ಒಂದೊಂದಾಗಿ ಹುಡುಕುತ್ತ ಹೋದವರು ತಮಗರಿವಿಲ್ಲದೆಯೇ ಅವರು ಇಳಿದ ಕ್ರಮದಲ್ಲಿ ಇಳಿಯುತ್ತಾರೆ.

ಉಸಿರಳತೆ

ಆಟವು ಆಳವನ್ನು ಮೀಟರುಗಳಲ್ಲಿ ತೋರಿಸುತ್ತದೆ. ಆದರೆ ಆರಂಭದಲ್ಲಿ ಆಡುವವರು ನಿಜವಾಗಿ ಅಳೆಯುವುದು ಉಸಿರಿನಿಂದ. ಯಾವ ಉಪಕರಣವೂ ಇಲ್ಲದಾಗ ನಾಯಕನು ನೀರಿನೊಳಗೆ 45 ಸೆಕೆಂಡು ಮಾತ್ರ ಇರಬಲ್ಲ. ಹೋಗುವುದೂ ಅದರಲ್ಲಿಯೇ, ಬರುವುದೂ ಅದರಲ್ಲಿಯೇ ಆದುದರಿಂದ ಅವನ ಲೋಕದ ಗಡಿ ಇಪ್ಪತ್ತೆರಡು ಸೆಕೆಂಡಿನ ದೂರಕ್ಕೆ ನಿಲ್ಲುತ್ತದೆ. ಮೊದಲ ಆಮ್ಲಜನಕದ ಸಿಲಿಂಡರು 30 ಸೆಕೆಂಡುಗಳನ್ನು ಸೇರಿಸುತ್ತದೆ. ಅದಕ್ಕಿಂತ ದೊಡ್ಡದು 90 ಸೆಕೆಂಡುಗಳನ್ನು. ತಕ್ಕ ಮುಖವಾಡವಿಲ್ಲದೆ 100 ಮೀಟರಿಗಿಂತ ಕೆಳಗೆ ಹೋದರೆ ಉಸಿರು ಬೇಗ ಬೇಗ ಖರ್ಚಾಗುತ್ತದೆ. ಹೀಗೆ ದೂರವು ಮೈಯ ಅಳತೆಯಾಗುತ್ತದೆ. ಗುಹೆಯೊಂದರಲ್ಲಿ ಹೊರದಾರಿ ತಪ್ಪಿದಾಗ ನೀರಿನ ಮೇಲ್ಮೈ ಹತ್ತು ಮೀಟರ್ ಮೇಲಿದ್ದರೂ ಅದು ಇಲ್ಲವಾದಂತೆಯೇ.

ಕನ್ನಡದಲ್ಲಿ ನೀರಿನ ಆಳವನ್ನು ಮೈಯಿಂದಲೇ ಅಳೆಯುತ್ತ ಬಂದಿದ್ದೇವೆ. ಮೊಣಕಾಲುದ್ದ, ನಡುಮಟ್ಟ, ಎದೆಮಟ್ಟ, ಆಳುದ್ದ, ಎರಡಾಳುದ್ದ ಎಂಬ ಮಾತುಗಳು ಕೆರೆ ಬಾವಿಗಳ ಪಕ್ಕದಲ್ಲಿ ಹುಟ್ಟಿದ ಅಳತೆಗಳು. ‘ಕೆರೆಗೆ ಹಾರ’ ಕಥನಗೀತೆಯಲ್ಲಿ ಭಾಗೀರಥಿ ಮೆಟ್ಟಿಲೇರಿದಂತೆಲ್ಲ ನೀರು ಅವಳ ಪಾದದಿಂದ ಮೇಲೆ ಮೇಲೆ ಏರುತ್ತದೆ. ಗೀತೆಯ ದಾರುಣತೆಯಿರುವುದು ಆ ಅಳತೆಯಲ್ಲಿಯೇ. ಇಲ್ಲಿ ನೀರನ್ನು ಅಳೆಯುವ ಕೋಲು ಬಲಿಯಾಗುವ ಹೆಣ್ಣಿನ ಮೈ.

ಶಿಷ್ಟಕಾವ್ಯದ ಮಾತು ಬೇರೆ. ಹತ್ತನೆಯ ಶತಮಾನದ ರನ್ನನ ‘ಗದಾಯುದ್ಧ’ದಲ್ಲಿ ದುರ್ಯೋಧನನು ಜಲಸ್ತಂಭದ ವಿದ್ಯೆಯಿಂದ ವೈಶಂಪಾಯನ ಸರೋವರದೊಳಗೆ ಅಡಗಿರುತ್ತಾನೆ. ಭೀಮನ ಗರ್ಜನೆಗೆ ತಣ್ಣೀರಿನ ನಡುವೆಯೂ ಅವನ ಮೈ ಬೆವರಿದ ಪ್ರಸಂಗವು ಕನ್ನಡ ಅಧ್ಯಾಪಕರೆಲ್ಲರಿಗೂ ಪರಿಚಿತ. ಆದರೆ ಆ ನೀರಿನೊಳಗೆ ದಾರಿಗಳಿಲ್ಲ. ಮಂತ್ರಬಲವಿರುವವನಿಗೆ ಉಸಿರಿನ ಲೆಕ್ಕವಿಲ್ಲ, ಉಸಿರಿನ ಲೆಕ್ಕವಿಲ್ಲದವನಿಗೆ ಆಳವೂ ಇಲ್ಲ. ಮಹಾಕಾವ್ಯದ ಅಷ್ಟಾದಶ ವರ್ಣನೆಗಳಲ್ಲಿ ಸಮುದ್ರಕ್ಕೂ ಜಲಕ್ರೀಡೆಗೂ ಸ್ಥಾನವಿದ್ದರೂ ಕವಿಯ ಕಣ್ಣು ಸಾಮಾನ್ಯವಾಗಿ ದಡದ ಮೇಲೆ, ಅಲೆಯ ಮೇಲೆ ನಿಂತಿರುತ್ತದೆ. ಇದನ್ನು ಕೊರತೆಯೆಂದು ಹೇಳುತ್ತಿಲ್ಲ. ಅಡಗುವ ನೀರಿಗೂ ಬದುಕುವ ನೀರಿಗೂ ಬೇಕಾಗುವ ವರ್ಣನೆ ಬೇರೆ ಬೇರೆಯೆಂಬುದಷ್ಟೇ ಇಲ್ಲಿನ ಆಶಯ.

ನೆಲೆ ಮತ್ತು ಸರಕು

ಆಟದ ಕಡಲು ನೆಲೆಗಳಾಗಿ ಹಂಚಿಹೋಗಿದೆ. ಕಥೆ ಆರಂಭವಾಗುವುದು ‘ಸೇಫ್ ಶ್ಯಾಲೋಸ್’ ಎಂಬ ತೆಳುನೀರಿನಲ್ಲಿ. ಬಿಸಿಲು ತಳದವರೆಗೆ ಇಳಿಯುವ, ಹವಳದ ಕೊಳವೆಗಳಿರುವ, ಹೆಚ್ಚು ಅಪಾಯವಿಲ್ಲದ ಜಾಗವದು. ಅದರ ಅಂಚಿನಲ್ಲಿ ಉದ್ದುದ್ದ ಬಳ್ಳಿಗಳು ನೆಟ್ಟಗೆ ನಿಂತ ‘ಕೆಲ್ಪ್ ಫಾರೆಸ್ಟ್’. ಅದರಾಚೆ ಕೆಂಪು ಹುಲ್ಲಿನ ‘ಗ್ರಾಸಿ ಪ್ಲೇಟೋಸ್’. ಬೇರೊಂದು ಕಡೆ ಮರದಷ್ಟು ದೊಡ್ಡ ಅಣಬೆಗಳ ವನ. ಇನ್ನೂ ಆಳಕ್ಕೆ ಇಳಿದರೆ ಬೆಳಕಿಲ್ಲದ ಕಣಿವೆಗಳು, ನೀರಿನ ಕೆಳಗೆ ಮತ್ತೊಂದು ಹೊಳೆಯಂತೆ ಹಸಿರು ಉಪ್ಪುನೀರು ಹರಿಯುವ ‘ಲಾಸ್ಟ್ ರಿವರ್’, ಕೊನೆಗೆ ಸಾವಿರ ಮೀಟರ್ ದಾಟಿದ ಮೇಲೆ ಲಾವಾ ಸರೋವರಗಳು. ಇವೆಲ್ಲವೂ ಒಂದು ಜ್ವಾಲಾಮುಖಿಯ ಬಾಯಿಯೊಳಗಿವೆ. ಅದರ ಅಂಚನ್ನು ದಾಟಿದರೆ ತಳವೇ ಕಾಣದ ಶೂನ್ಯ.

ತಮಿಳಿನ ಸಂಗಂ ಕಾವ್ಯದ ‘ತಿಣೆ’ಯ ಪರಿಕಲ್ಪನೆಯನ್ನು ಬಲ್ಲವರಿಗೆ ಈ ಹಂಚಿಕೆ ಅಪರಿಚಿತವೆನಿಸದು. ಕುರಿಂಜಿ, ಮುಲ್ಲೈ, ಮರುದಂ, ನೆಯ್ದಲ್, ಪಾಲೈ ಎಂಬ ನೆಲೆಗಳಿಗೆ ತಮ್ಮದೇ ಗಿಡ, ಪ್ರಾಣಿ, ಕಸುಬು, ಭಾವಗಳಿರುವಂತೆ ಆಟದ ಪ್ರತಿಯೊಂದು ನೆಲೆಗೂ ಸಸ್ಯ, ಜೀವಿ, ಬೆಳಕು, ಸಂಗೀತ, ಅಂಜಿಕೆಗಳಿವೆ. ಹೂವನ್ನು ಹೇಳಿದರೆ ನೆಲೆ ತಿಳಿಯುವಂತೆ ಇಲ್ಲಿ ಹುಲ್ಲಿನ ಬಣ್ಣ ಕಂಡರೆ ಎಲ್ಲಿದ್ದೇವೆಂಬುದು ತಿಳಿಯುತ್ತದೆ. ಹೋಲಿಕೆಯನ್ನು ಇದಕ್ಕಿಂತ ಮುಂದೆ ಎಳೆಯಬಾರದು. ತಿಣೆಯ ಕೇಂದ್ರದಲ್ಲಿ ಪ್ರೇಮಿಗಳಿದ್ದಾರೆ, ಇಲ್ಲಿರುವುದು ಒಂಟಿ ಹಸಿವು.

ಗುರುತು ಮತ್ತು ಸರಕು ಎರಡೂ ಒಂದೇ ವಸ್ತುವಿನಲ್ಲಿ ಕೂಡಿರುವುದು ಈ ಆಟದ ವೈಶಿಷ್ಟ್ಯ. ಬಳ್ಳಿವನದಲ್ಲಿ ಹಳದಿಯಾಗಿ ಹೊಳೆಯುವ ಬೀಜಗೊಂಚಲು ಕತ್ತಲಲ್ಲಿ ದಾರಿದೀಪ. ಅದನ್ನೇ ಕಿತ್ತು ತಂದರೆ ರಬ್ಬರೂ ಯಂತ್ರಕ್ಕೆ ಬೇಕಾದ ಎಣ್ಣೆಯೂ ಆಗುತ್ತದೆ. ತೆಳುನೀರಿನ ಸುಣ್ಣಕಲ್ಲನ್ನು ಒಡೆದರೆ ಟೈಟೇನಿಯಂ ಅಥವಾ ತಾಮ್ರ. ಎರಡು ಆಮ್ಲದ ಅಣಬೆಗಳಿಗೆ ತಾಮ್ರ ಸೇರಿದರೆ ಬ್ಯಾಟರಿ. ಬ್ಯಾಟರಿಗೆ ಬಳ್ಳಿಯ ಎಣ್ಣೆ, ತಾಮ್ರದ ತಂತಿ, ಟೈಟೇನಿಯಂ ಕೂಡಿದರೆ ಕೈಯಲ್ಲಿ ಹಿಡಿದು ಸಾಗುವ ಈಜುಯಂತ್ರ. ಆ ಯಂತ್ರ ದೊರೆತ ಮೇಲೆ ಅದೇ ಉಸಿರಿನಲ್ಲಿ ಹೆಚ್ಚು ದೂರ ಹೋಗಬಹುದು, ಅಲ್ಲಿ ಮರಳುಗಲ್ಲಿನೊಳಗೆ ಬೆಳ್ಳಿ, ಚಿನ್ನ, ಸೀಸ ಸಿಗುತ್ತವೆ. ಸೀಸ ದೊರೆತರೆ ಸಣ್ಣ ಜಲವಾಹನ. ಅದು 200 ಮೀಟರ್ ಆಳದವರೆಗೆ ಇಳಿಯುತ್ತದೆ. ಅಲ್ಲಿಂದ ಕೆಳಗೆ ನೀರಿನ ಒತ್ತಡಕ್ಕೆ ನುಗ್ಗಾಗುತ್ತದೆ. ಹೀಗೆ ಒಂದು ನೆಲೆಯ ಸರಕು ಮುಂದಿನ ನೆಲೆಯ ಬಾಗಿಲಾಗುತ್ತದೆ. ಕಥೆಯ ಸಂಧಿಗಳನ್ನು ಇಲ್ಲಿ ಕಟ್ಟಿರುವುದು ಲೋಹ ಮತ್ತು ಗಿಡಗಳಲ್ಲಿ.

ಕೂಡಿಸುವುದಕ್ಕೂ ಮಿತಿಯಿದೆ. ಮೈಮೇಲೆ ಹೊರಬಹುದಾದ ಮನೆಗಳು 48 ಮಾತ್ರ. ನೌಕೆಯ ಒಡೆದ ಲೋಹದ ಒಂದು ತುಂಡು ನಾಲ್ಕು ಮನೆಗಳನ್ನು ಹಿಡಿದರೂ ನಾಲ್ಕು ಟೈಟೇನಿಯಂ ಕೊಡುತ್ತದೆ. ಏನನ್ನು ಹೊರಬೇಕು, ಏನನ್ನು ಬಿಡಬೇಕು ಎಂಬ ಆಯ್ಕೆಯಲ್ಲಿ ಅಳಗುಳಿಮಣೆಯ ಲೆಕ್ಕಾಚಾರ ನೆನಪಾಗದಿರದು. ಕುಡಿಯುವ ನೀರಿನದು ಇನ್ನೊಂದು ವಿಡಂಬನೆ: ಸುತ್ತಲೂ ಕಡಲು, ಆದರೆ ಕುಡಿಯುವಂತಿಲ್ಲ. ಒಂದು ಜಾತಿಯ ಚಿಕ್ಕ ಮೀನನ್ನು ಹಿಡಿದು ಅದರಿಂದ ನೀರು ಪಡೆಯಬೇಕು, ಇಲ್ಲವೇ ಉಪ್ಪು ಮತ್ತು ಹವಳದಿಂದ ಶುದ್ಧಿಕಾರಕವನ್ನು ಮಾಡಿಕೊಳ್ಳಬೇಕು. ತುಂಬಿದ ನೀರಿನ ಎದುರು ನಿಂತು ಕುಡಿಯುವ ನೀರಿಗೆ ಪರದಾಡುವ ಈ ಸ್ಥಿತಿಯು ಕೋಲಾರದವರಿಗೆ ಹೊಸದೇನಲ್ಲ. 2018ರಿಂದ ಕೆ.ಸಿ. ವ್ಯಾಲಿ ಯೋಜನೆಯ ಮೂಲಕ ಬೆಂಗಳೂರಿನ ಸಂಸ್ಕರಿತ ತ್ಯಾಜ್ಯನೀರನ್ನು ಜಿಲ್ಲೆಯ ಕೆರೆಗಳಿಗೆ ಹರಿಸಲಾಗುತ್ತಿದೆ. ಅಂತರ್ಜಲವನ್ನು ಮರುಪೂರಣ ಮಾಡುವುದು ಅದರ ಉದ್ದೇಶ. ಕೆರೆಯಿಂದ ನೇರವಾಗಿ ಕುಡಿಯುವುದಕ್ಕಲ್ಲ.

ಬೇಸಿಗೆಯಲ್ಲಿ ನಡೆದ ನೆಲ

ಇನ್ನು ಕೆರೆಯ ಕಡೆಗೆ ಬರಬಹುದು. ಈ ಸೀಮೆಯ ಕೆರೆಗಳು ಒಂದರ ಕೋಡಿ ಹರಿದು ಇನ್ನೊಂದಕ್ಕೆ ಸೇರುವ ಸರಪಳಿಗಳು. ಒಂದೊಂದು ಕೆರೆಗೂ ಅದರದೇ ನೆಲೆಗಳಿವೆ. ನೀರು ಬಂದು ಸೇರುವ ಕಾಲುವೆಯ ಬಾಯಿ, ಜೊಂಡು ಬೆಳೆಯುವ ತೆಳುನೀರಿನ ಅಂಚು, ವಿಶಾಲವಾದ ಅಂಗಳ, ಏರಿಯ ಬುಡಕ್ಕೆ ಸಮೀಪಿಸಿದಂತೆ ಹೆಚ್ಚುವ ಆಳ, ತೂಬಿನ ಕಲ್ಲುಗಂಬಗಳಿರುವ ಜಾಗ, ಹೆಚ್ಚುವರಿ ನೀರು ಹೊರಬೀಳುವ ಕೋಡಿ, ಏರಿಯಾಚೆಗಿನ ಅಚ್ಚುಕಟ್ಟು. ತೆಲುಗು ಮನೆಮಾತಿನವರು ಹೆಚ್ಚಾಗಿರುವ ಬೈರಕೂರಿನ ಕಡೆ ಕೆರೆಯು ಚೆರುವು ಆಗುತ್ತದೆ, ತೂಬು ತೂಮು ಆಗುತ್ತದೆ. ಎರಡು ಭಾಷೆಯ ಹೆಸರುಗಳೂ ಒಂದೇ ನೀರಿನ ಮೇಲೆ ನಿಂತಿವೆ.

ಸರಕು ಇಲ್ಲಿಯೂ ನೆಲೆಯನ್ನು ಅನುಸರಿಸುತ್ತದೆ. ಕೊರವ ಮೀನು ಕೆಸರು ಮತ್ತು ಜೊಂಡಿನ ಕಡೆ ಸಿಗುತ್ತದೆ. ಮಡಕೆಗೆ, ಇಟ್ಟಿಗೆಗೆ ಒದಗುವ ಜೇಡಿಯು ಎಲ್ಲ ಕಡೆಯೂ ಸಿಗುವುದಿಲ್ಲ. ಹೊಲಕ್ಕೆ ಹೊಡೆಯುವ ಗೋಡು ತೆಗೆಯುವುದು ನೀರು ಇಂಗಿದ ಮೇಲೆ. ಬಾವಿಯೊಳಗೆ ಬಿದ್ದ ಬಿಂದಿಗೆಯನ್ನು ಎತ್ತುವ ಕೊಕ್ಕೆಗಳ ಗೊಂಚಲಿಗೆ ಪಾತಾಳಗರಡಿ ಎಂಬ ಹೆಸರಿದೆ. ಕಾಣದ ತಳವನ್ನು ಹಗ್ಗದ ತುದಿಯಿಂದ ತಡವಿ ಓದುವ ಈ ಸಾಧನಕ್ಕೆ ‘ಪಾತಾಳ’ವನ್ನು ಸೇರಿಸಿದ ಜನಪದ ಕಲ್ಪನೆಯು ಆಟದ ವಿನ್ಯಾಸಕಾರರಿಗೆ ಇಷ್ಟವಾಗುತ್ತಿತ್ತೇನೋ.

ಕೆರೆಗೂ ಆಟಕ್ಕೂ ಇರುವ ಮುಖ್ಯ ವ್ಯತ್ಯಾಸವು ಋತುವಿನಲ್ಲಿದೆ. 4546ಬಿ ಗ್ರಹದ ಕಡಲು ಎಂದೂ ಬತ್ತುವುದಿಲ್ಲ. ಅದರ ತಳವನ್ನು ಅರಿಯಲು ಮುಳುಗದೆ ಬೇರೆ ದಾರಿಯಿಲ್ಲ. ಕೆರೆಯ ತಳವಾದರೋ ಬೇಸಿಗೆಯಲ್ಲಿ ನೆಲ, ಮಳೆಗಾಲದ ನಂತರ ನೀರು. ದನ ಮೇಯಿಸುತ್ತ, ಗೋಡು ತುಂಬುತ್ತ, ಅಡ್ಡದಾರಿಯಾಗಿ ದಾಟುತ್ತ ಜನ ಅಂಗಳವನ್ನು ಕಾಲಿನಿಂದ ಅರಿತಿರುತ್ತಿದ್ದರು. ಬಂಡೆ ಎಲ್ಲಿದೆ, ಹಳೆಯ ಬಾವಿ ಎಲ್ಲಿದೆ, ಎಲ್ಲಿಂದ ನೆಲ ಜಾರುತ್ತದೆ ಎಂಬುದು ನೀರು ತುಂಬಿದ ಮೇಲೂ ನೆನಪಿನಲ್ಲಿ ಉಳಿಯುತ್ತಿತ್ತು. ದ ಸರ್ತೊ ಅವರ ನಡಿಗೆಯ ಬಗೆಗೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ಸಿಗುವುದು ಕಷ್ಟ. ಬೇಸಿಗೆಯ ನಡಿಗೆಯೇ ಮಳೆಗಾಲದ ಈಜಿಗೆ ನಕಾಶೆ.

ಈ ಕೊಂಡಿ ಕಡಿದದ್ದು ಎರಡು ಕಾರಣಗಳಿಂದ. ಮೊದಲನೆಯದಾಗಿ, ಜಿಲ್ಲೆಯ ಬಹಳಷ್ಟು ಕೆರೆಗಳು ವರ್ಷಗಟ್ಟಲೆ ತುಂಬಲಿಲ್ಲ. ಕೊಳವೆಬಾವಿ ಬಂದ ಮೇಲೆ ಜನರ ಕಣ್ಣು ಕೆರೆಯಿಂದ ಆಚೆ ಹೋಯಿತು. ಎರಡನೆಯದಾಗಿ, ಒಣಗಿದ ಅಂಗಳಗಳನ್ನು ಇಟ್ಟಿಗೆಗೂ ಮರಳಿಗೂ ಬಗೆಯಲಾಯಿತು. ಕೆರೆಯ ಮಣ್ಣನ್ನು ತೊಳೆದು ಮರಳು ತೆಗೆಯುವ, ಜನರ ಬಾಯಲ್ಲಿ ‘ಫಿಲ್ಟರ್ ಮರಳು’ ಎನಿಸಿಕೊಂಡ ದಂಧೆಯು ಅಂಗಳಗಳಲ್ಲಿ ಆಳವಾದ ಗುಂಡಿಗಳನ್ನು ಬಿಟ್ಟುಹೋಯಿತು. ಗೋಡು ತೆಗೆಯುವುದು ಹಿಂದೆಯೂ ಇತ್ತು, ಆದರೆ ಅದು ಮೇಲುಪದರವನ್ನು ಎಲ್ಲೆಡೆ ಹರಡಿ ತೆಗೆಯುವ ಕೆಲಸವಾಗಿತ್ತು, ತೆಗೆದವರೂ ಊರಿನವರೇ ಆಗಿದ್ದರು. ಹೊಸ ಗುಂಡಿಗಳಿಗೆ ಹೆಸರಿಲ್ಲ. 2021ರ ಮಳೆಯಲ್ಲಿ ಬಹುಕಾಲ ಬತ್ತಿದ್ದ ಕೆರೆಗಳು ಕೋಡಿ ಬಿದ್ದಾಗ ಊರೂರುಗಳಲ್ಲಿ ಜನ ಏರಿಯ ಮೇಲೆ ಸೇರಿ ಬಾಗಿನ ಅರ್ಪಿಸಿದರು. ಈಜಲು, ಬಟ್ಟೆ ಒಗೆಯಲು, ದನ ತೊಳೆಯಲು ನೀರಿಗಿಳಿದವರು ಗುಂಡಿಯಲ್ಲಿ ಮುಳುಗಿ ಸತ್ತ ಸುದ್ದಿಗಳೂ ಜಿಲ್ಲೆಯ ಪತ್ರಿಕೆಗಳಿಗೆ ಅಪರೂಪವಲ್ಲ. ಇಂಥ ಸುದ್ದಿಗಳಲ್ಲಿ ‘ಆಳ ತಿಳಿಯದೆ’ ಎಂಬ ಎರಡು ಪದಗಳು ಮತ್ತೆ ಮತ್ತೆ ಬರುತ್ತವೆ. ತೆರೆಯ ಮೇಲಿನ ಕಡಲಿನಲ್ಲಿ ಆಳ ತಿಳಿಯದೆ ಮುಳುಗಿದವನು ಸಂಗ್ರಹಿಸಿದ ಸರಕಿನಲ್ಲಿ ಸ್ವಲ್ಪವನ್ನು ಕಳೆದುಕೊಂಡು ತನ್ನ ಕೋಶದಲ್ಲಿ ಮತ್ತೆ ಕಣ್ಣು ತೆರೆಯುತ್ತಾನೆ.

ಆದುದರಿಂದ ಕೆರೆಯಂಗಳದ ಹೆಸರುಗಳನ್ನು ಸಂಗ್ರಹಿಸುವ ಕೆಲಸವನ್ನು ಸ್ಥಳನಾಮ ಅಧ್ಯಯನದ ಒಂದು ಶಾಖೆಯಾಗಿ ಮಾತ್ರ ನೋಡಬಾರದು. ನಮ್ಮ ಸ್ಥಳನಾಮ ಸಂಶೋಧನೆಯು ಊರಿನ ಹೆಸರು, ಹೊಲಗದ್ದೆಗಳ ಹೆಸರುಗಳವರೆಗೆ ಬಂದು ನೀರಿನ ಅಂಚಿನಲ್ಲಿ ನಿಲ್ಲುತ್ತದೆ. ಅಂಗಳದೊಳಗಿನ ಮಡು, ಬಂಡೆ, ಜಾರುಗಳ ಹೆಸರುಗಳನ್ನು ಬರೆದುಕೊಳ್ಳಬೇಕಾದರೆ ಬೇಸಿಗೆಯಲ್ಲಿ ನೀರುಗಂಟಿಗಳು, ಮೀನುಗಾರರು, ದನಗಾಹಿಗಳ ಜೊತೆ ಅಂಗಳವನ್ನು ನಡೆಯಬೇಕು. ಹೊಸ ಗುಂಡಿಗಳನ್ನೂ ಅದೇ ಪಟ್ಟಿಯಲ್ಲಿ ಸೇರಿಸಬೇಕು. ವಿಭಾಗಗಳ ವಿದ್ಯಾರ್ಥಿಗಳಿಗೆ ಇದು ಕಷ್ಟದ ಕೆಲಸವಲ್ಲ. ಗುರುತಿನಿಂದ ಗುರುತಿಗೆ ಸಾಗುತ್ತ ಆಳವನ್ನು ನೆನಪಿಡುವ ಅಭ್ಯಾಸ ಅವರಲ್ಲಿ ಕೆಲವರಿಗಾದರೂ ಆಟದ ಮೂಲಕ ಈಗಾಗಲೇ ಆಗಿದೆ.

ಕೂಡಿಸಿದ್ದು ಯಾರದು

ಕೊನೆಯದಾಗಿ, ಸಂಗ್ರಹದ ಹಕ್ಕಿನ ವಿಷಯ. ಆಟದ ನಾಯಕನು ಗ್ರಹವನ್ನು ಆವರಿಸಿದ ರೋಗಕ್ಕೆ ಮದ್ದು ಕಂಡುಕೊಂಡು, ಕೂಡಿಸಿದ ಲೋಹಗಳಿಂದ ರಾಕೆಟ್ ಕಟ್ಟಿ ಹೊರಡುತ್ತಾನೆ. ಎಲ್ಲ ಮುಗಿದ ಮೇಲೆ ಒಂದು ಧ್ವನಿ ಕೇಳಿಸುತ್ತದೆ. ಗ್ರಹದ ಮೇಲೆ ಅವನು ಕೂಡಿಸಿದ ಸಂಪನ್ಮೂಲಗಳೆಲ್ಲವೂ ಅವನನ್ನು ಕಳುಹಿಸಿದ ‘ಆಲ್ಟೆರಾ’ ಎಂಬ ಕಂಪನಿಯ ಸ್ವತ್ತು. ಆದುದರಿಂದ ಒಂದು ಲಕ್ಷ ಕೋಟಿ ನಾಣ್ಯಗಳ ಬಾಕಿಯನ್ನು ತೀರಿಸುವವರೆಗೆ ಅವನಿಗೆ ಇಳಿಯಲು ಅನುಮತಿಯಿಲ್ಲ. ಬಹುಪಾಲು ಆಟಗಾರರು ಇದನ್ನು ನಗೆಹನಿಯೆಂದು ಭಾವಿಸುತ್ತಾರೆ. ಜಾನ್ ಟೇಲರ್ ಕಂಪನಿಯು 1880ರಲ್ಲಿ ಕಾಲಿಟ್ಟಂದಿನಿಂದ 2001ರ ಫೆಬ್ರವರಿ 28ರಂದು ಬಾಗಿಲು ಮುಚ್ಚುವವರೆಗೆ ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕಿಳಿದು ಚಿನ್ನ ತೆಗೆದ ಗಣಿಯೊಂದನ್ನು ಮಗ್ಗುಲಲ್ಲಿಟ್ಟುಕೊಂಡ ಜಿಲ್ಲೆಯ ಓದುಗರಿಗೆ ಅದು ಅಷ್ಟು ಹಗುರವಾಗಿ ಕೇಳಿಸದು.

ಕೆರೆಯ ವ್ಯವಸ್ಥೆಯಲ್ಲಿ ಈ ಪ್ರಶ್ನೆಗೆ ಬೇರೆ ಉತ್ತರಗಳಿದ್ದವು. ಅವು ಸಮಾನತೆಯ ಉತ್ತರಗಳೇನಾಗಿರಲಿಲ್ಲ; ಯಾರ ಗದ್ದೆಗೆ ಮೊದಲು ನೀರು, ಯಾವ ಜಾತಿಯವರು ಯಾವ ಕಡೆಯಿಂದ ನೀರಿಗಿಳಿಯಬೇಕು ಎಂಬ ಕಟ್ಟುಗಳು ಬಿಗಿಯಾಗಿದ್ದವು. ಇಂದು ಮೀನು ಹಿಡಿಯುವ ಹಕ್ಕು ಟೆಂಡರಿಗೆ, ಹರಾಜಿಗೆ ಹೋಗುತ್ತದೆ. ಕಾಟ್ಲ, ರೋಹು ಮರಿಗಳನ್ನು ಬಿಟ್ಟು ಬೆಳೆಸಿ ಹಿಡಿಯಲಾಗುತ್ತದೆ. ಆಟದ ಒಂಟಿ ಸಂಗ್ರಾಹಕನಿಗೆ ಇಂಥ ನೆರೆಯವರ ಕಾಟವೂ ಇಲ್ಲ, ಒಪ್ಪಂದದ ಅಗತ್ಯವೂ ಇಲ್ಲ. ಅವನ ಎದುರಿಗಿರುವುದು ದೂರದ ಕಂಪನಿ ಮಾತ್ರ. ಕೋಲಾರ ಸೀಮೆಯ ಶಾಸನಗಳಲ್ಲಿ ಬರುವ ಕಟ್ಟುಕೊಡಗೆ, ದಶವಂದಗಳು ಕೆರೆಯನ್ನು ಕಟ್ಟಿಸಿದವರಿಗೆ, ಒಡೆದುದನ್ನು ದುರಸ್ತಿ ಮಾಡಿಸಿದವರಿಗೆ ಅದರ ಕೆಳಗಿನ ಭೂಮಿಯಲ್ಲಿ ಪಾಲು ಬಿಟ್ಟುಕೊಟ್ಟ ದಾಖಲೆಗಳು. ನೀರಿಗೆ ದುಡಿದವನು ಅಲ್ಲಿ ಸಾಲಗಾರನಾಗಿ ಹೊರಬೀಳುವುದಿಲ್ಲ. ಅವನ ಪಾಲಿನ ಗದ್ದೆಯ ಎಲ್ಲೆಯನ್ನು ಕಲ್ಲಿನಿಂದ ಕಲ್ಲಿಗೆ ನಡೆದು ಬರೆಯಲಾಗುತ್ತದೆ.